ಕೊಳವೆ ತೆಗೆದ ಮೇಲೂ ಹೋಗದ ಗಂಟಲುನೋವು

ಆಪರೇಷನ್ ಆದ ಮರುದಿನ ಬೆಳಿಗ್ಗೆ ರೋಗಿಗಳು ಸರ್ಜನ್‌ರನ್ನು ಕಂಡರೆ ಕೈಮುಗಿಯುತ್ತಾರೆ, ನನ್ನನ್ನು ಕಂಡರೆ ಗಂಟಲು ಮುಟ್ಟಿ ತೋರಿಸುತ್ತಾರೆ. ಕೊಯ್ದದ್ದು ಹೊಟ್ಟೆಯನ್ನು, ನೋಯುತ್ತಿರುವುದು ಗಂಟಲು, ಇದೆಂಥ ನ್ಯಾಯ ಎಂಬ ಮುಖ. ನಾನು ಅರಿವಳಿಕೆ ವೈದ್ಯೆ. ರೋಗಿ ಪೂರ್ತಿ ನಿದ್ರೆಗೆ ಜಾರಿದ ಮೇಲೆ ಅವರ ಬಾಯಿಯ ಮೂಲಕ, ಧ್ವನಿತಂತುಗಳ ನಡುವಿನಿಂದ, ಶ್ವಾಸನಾಳಕ್ಕೆ ಕಿರುಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ಕೊಳವೆಯೊಂದನ್ನು ಇಳಿಸುವವಳು ನಾನೇ. ಯಂತ್ರದ ಗಾಳಿ ಆ ಕೊಳವೆಯಿಂದಲೇ ಹೋಗಿ ಬರಬೇಕು. ಆಪರೇಷನ್ ಮುಗಿದು ಅವರು ತಾವೇ ಉಸಿರಾಡತೊಡಗಿದಾಗ ಅದನ್ನು ತೆಗೆದುಬಿಡುತ್ತೇವೆ. ಕೊಳವೆ ಬಂದದ್ದೂ ಹೋದದ್ದೂ ರೋಗಿಗೆ ಗೊತ್ತೇ ಇರುವುದಿಲ್ಲವಾದ್ದರಿಂದ, ಗಂಟಲುನೋವಿಗೆ ನಾನೇ ಕಾರಣ ಎಂದು ವಿವರಿಸಿ ಹೇಳುವ ಕೆಲಸವೂ ನನ್ನದೇ.

ಎರಡು ಮೂರು ದಿನದಲ್ಲಿ ತಾನಾಗಿ ಹೋಗುತ್ತದೆ ಎನ್ನುವುದು ನನ್ನ ಮಾಮೂಲಿ ಉತ್ತರ. ಹೆಚ್ಚಿನ ಸಲ ಹಾಗೆಯೇ ಆಗುತ್ತದೆ. ಹಾಗಾಗದೆ ಹೋದ ಒಂದು ಗಂಟಲಿನ ವಿಷಯ ಹೇಳುತ್ತೇನೆ.

ನಮ್ಮದು ಟಿ. ದಾಸರಹಳ್ಳಿಯಲ್ಲಿ ಮೆಟ್ರೋ ಕಂಬಗಳಿಗೆ ಒತ್ತಿಕೊಂಡಂತಿರುವ ಆಸ್ಪತ್ರೆ. ಬರುವವರಲ್ಲಿ ಹೆಚ್ಚಿನವರು ಪೀಣ್ಯದ ಕಾರ್ಖಾನೆಗಳ ಕೆಲಸಗಾರರು, ಅವರ ಮನೆಯವರು. ಆಕೆ ಬಾಗಲಗುಂಟೆಯವರು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಿಷನ್ ಮುಂದೆ ಕೂತು ವರ್ಷಗಳನ್ನು ಕಳೆದವರು. ಪಿತ್ತಕೋಶದಲ್ಲಿ ಕಲ್ಲಿತ್ತು. ಆಪರೇಷನ್‌ಗೆ ಮುಂಚಿನ ತಪಾಸಣೆಯಲ್ಲಿ ಅವರ ಬಾಯಿ ಎಷ್ಟು ತೆರೆಯುತ್ತದೆ, ಕತ್ತು ಎಷ್ಟು ಬಾಗುತ್ತದೆ ಎಂದು ನಾನು ನೋಡುತ್ತಿದ್ದರೆ, ತಾವು ಯಾವಾಗ ಕೆಲಸಕ್ಕೆ ಮರಳಬಹುದು ಎಂದು ಅವರು ಕೇಳುತ್ತಿದ್ದರು. ಫ್ಯಾಕ್ಟರಿಯಲ್ಲಿ ಹೊಲಿಗೆ ಮಿಷನ್‌ಗಳ ಹೊಸ ಲೈನ್ ಶುರುವಾಗುವುದಿತ್ತು. ಅದಕ್ಕೆ ಇವರನ್ನೇ ಸೂಪರ್‌ವೈಸರ್ ಮಾಡುತ್ತೇವೆಂದು ಫ್ಲೋರ್ ಇನ್‌ಚಾರ್ಜ್ ಮಾತು ಕೊಟ್ಟಿದ್ದರು. ಸಾಲಾಗಿ ಮಿಷನ್‌ಗಳು ಒಟ್ಟಿಗೆ ಓಡುವ ಜಾಗದಲ್ಲಿ ಸೂಪರ್‌ವೈಸರ್ ಆಗುವವರಿಗೆ ಮೊದಲು ಬೇಕಾದದ್ದು ಗಂಟಲು. ಆಕೆಗೆ ಅದು ಧಾರಾಳವಾಗಿತ್ತು. ಅವರು ಮಾತಾಡುತ್ತಿದ್ದರೆ ಜಗಳವೇನೋ ಎಂದು ಪಕ್ಕದ ಕೋಣೆಯ ನರ್ಸ್ ಬಾಗಿಲು ತಳ್ಳಿ ಇಣುಕಿ ಹೋದರು.

ಆಪರೇಷನ್ ಸಲೀಸಾಗಿ ಆಯಿತು. ಕೊಳವೆ ಮೊದಲ ಪ್ರಯತ್ನದಲ್ಲೇ ಇಳಿಯಿತು. ಮರುದಿನ ಗಂಟಲುನೋವು, ದನಿ ಸ್ವಲ್ಪ ಒಡೆದಿತ್ತು. ನನ್ನ ಮಾಮೂಲಿ ಉತ್ತರ ನಾನು ಕೊಟ್ಟೆ. ಬೆಚ್ಚಗಿನ ನೀರು ಕುಡಿಯಿರಿ, ಗಂಟಲಿಗೆ ರೆಸ್ಟ್ ಕೊಡಿ, ಪಿಸುಮಾತಲ್ಲಿ ಮಾತಾಡಿ ಎಂದು ವಾರ್ಡಿನಲ್ಲಿ ಎಲ್ಲರಿಗೂ ಹೇಳುವುದನ್ನು ನರ್ಸ್ ಅವರಿಗೂ ಹೇಳಿ ಕಳಿಸಿದರು.

ಹೊಲಿಗೆ ಬಿಚ್ಚಿಸಲು ಬಂದಾಗ ಸರ್ಜನ್ ನನ್ನನ್ನು ಕರೆಸಿದರು. ಹೊಟ್ಟೆಯ ಗಾಯ ಚೆನ್ನಾಗಿ ಮಾಗಿತ್ತು, ಗಂಟಲು ಮಾತ್ರ ಇದ್ದಲ್ಲೇ ಇತ್ತು. ಜೊತೆಗೆ ಬಂದಿದ್ದವರು ಗಂಡ, ಪೀಣ್ಯದಲ್ಲೇ ಲೇತ್ ಮೇಲೆ ಕೆಲಸ ಮಾಡುವವರು. ನಾನು ಕೇಳಿದ್ದಕ್ಕೆಲ್ಲ ಉತ್ತರ ಅವರದೇ. ನೋವು ಕಡಿಮೆಯಾಗಿಲ್ಲ, ಬೆಳಿಗ್ಗೆಗಿಂತ ಸಂಜೆ ಹೆಚ್ಚು, ಕತ್ತಿನ ಎರಡೂ ಕಡೆ ಹಿಡಿದಂತಾಗುತ್ತದೆ, ನುಂಗಲು ಆಗುತ್ತದೆ. ಆಕೆ ಪಕ್ಕದಲ್ಲಿ ಕೂತು ತಲೆಯಾಡಿಸಿ ಸಹಿ ಹಾಕುತ್ತಿದ್ದರು. ಅವರನ್ನೇ ಮಾತಾಡಿಸಲು ಹೋದರೆ ಗಂಡ ತಡೆದರು.

"ಬ್ಯಾಡ ಮೇಡಂ, ಅವ್ಳ ಗಂಟ್ಲಿಗೆ ರೆಸ್ಟ್ ಐತೆ. ಏನ್ ಬೇಕೋ ನನ್ನ ಕೇಳಿ."

ಎಂಥ ಕಾಳಜಿಯ ಗಂಡ ಎಂದು ನಾನೂ ಸರ್ಜನ್ನೂ ಮುಖ ನೋಡಿಕೊಂಡೆವು.

ಕೊಳವೆಯಿಂದ ಬಂದ ನೋವು ಇಷ್ಟು ದಿನ ಉಳಿದರೆ ಒಳಗೆ ನೋಡಲೇಬೇಕು. ತಂತುವಿಗೆ ಗಾಯವಾಗಿರಬಹುದು, ತಂತುವನ್ನು ಆಡಿಸುವ ಪುಟ್ಟ ಮೃದ್ವಸ್ಥಿ ಜಾಗ ತಪ್ಪಿರಬಹುದು. ನಮ್ಮಲ್ಲಿಗೆ ವಾರದಲ್ಲಿ ಕೆಲವು ದಿನ ಬರುವ ಇ.ಎನ್.ಟಿ. ವೈದ್ಯರು ಮೂಗಿನ ಮೂಲಕ ತೆಳ್ಳನೆಯ ಕ್ಯಾಮೆರಾ ಇಳಿಸಿದರು. ನಾನು ಅವರ ಭುಜದ ಮೇಲಿಂದ ಪರದೆ ನೋಡುತ್ತಾ ನಿಂತಿದ್ದೆ, ಪರೀಕ್ಷೆಯ ಫಲಿತಾಂಶಕ್ಕೆ ಕಾದವಳಂತೆ. ಅವರು "ಈ" ಎನ್ನಿ ಎಂದರು. ಎರಡೂ ತಂತುಗಳು ಹತ್ತಿರ ಬಂದವು, ಮತ್ತೆ ದೂರ ಸರಿದವು. ಹಿಂಭಾಗದಲ್ಲಿ ಒಂದಿಷ್ಟು ಕೆಂಪು ಬಿಟ್ಟರೆ ಮತ್ತೇನೂ ಇಲ್ಲ. ಮಾತು ಕಡಿಮೆ ಮಾಡಿ ಎಂದು ಅವರೂ ಹೇಳಿದರು. ಆಡುವುದೇ ಇಲ್ಲ ಎಂದು ಗಂಡ ಹೇಳಿದರು.

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಏನೂ ಇಲ್ಲದ ಗಂಟಲು ಯಾಕೆ ನೋಯಬೇಕು ಎಂಬುದು ನನ್ನ ತಲೆ ಹೊಕ್ಕಿತು. ಮನೆಯವರು ಇದನ್ನು ನನ್ನ ಹುಳ ಎನ್ನುತ್ತಾರೆ. ಒಮ್ಮೆ ಹೊಕ್ಕರೆ ಸಾರಿಗೆ ಉಪ್ಪು ಹಾಕುವಾಗಲೂ ಕೊರೆಯುತ್ತಲೇ ಇರುತ್ತದೆ.

ಮೊದಲ ಅನುಮಾನ ಕೊಳವೆಯ ಬಲೂನಿನ ಮೇಲೆ. ಕೊಳವೆಯ ಕೆಳತುದಿಯ ಸುತ್ತ ಒಂದು ಪುಟ್ಟ ಬಲೂನು ಇರುತ್ತದೆ. ಪಕ್ಕದಿಂದ ಗಾಳಿ ಸೋರದಂತೆ ಅದನ್ನು ಸಿರಿಂಜಿನಿಂದ ಉಬ್ಬಿಸುತ್ತೇವೆ. ಒಳಗಿನದು ಕಾಣುವುದಿಲ್ಲವಾದ್ದರಿಂದ ಅದಕ್ಕೆ ಹೊಂದಿಕೊಂಡ ಇನ್ನೊಂದು ಗುಳ್ಳೆ ಹೊರಗೆ ನೇತಾಡುತ್ತಿರುತ್ತದೆ. ಅದನ್ನು ಎರಡು ಬೆರಳಲ್ಲಿ ಹಿಚುಕಿ, ಸೈಕಲ್ ಟೈರ್ ನೋಡಿದ ಹಾಗೆ, ಸಾಕು ಎಂದು ತೀರ್ಮಾನಿಸುತ್ತೇವೆ. ಬಲೂನು ಹೆಚ್ಚು ಬಿಗಿಯಾದರೆ ಶ್ವಾಸನಾಳದ ಒಳಪದರವನ್ನು ಅದುಮಿ ರಕ್ತ ಹರಿಯದಂತೆ ಮಾಡುತ್ತದೆ. ನೋವು ಬರುವುದು ಹಾಗೆ.

ಬೀರುವಿನಲ್ಲಿ ಈ ಒತ್ತಡ ಅಳೆಯುವ ಮೀಟರ್ ಒಂದಿತ್ತು. ಐ.ಸಿ.ಯು.ನಲ್ಲಿ ದಿನಗಟ್ಟಲೆ ಕೊಳವೆ ಇರುವವರಿಗೆ ಬಳಸುತ್ತೇವೆ, ಒಂದೆರಡು ಗಂಟೆಯ ಆಪರೇಷನ್‌ಗೆ ಯಾರೂ ಅದನ್ನು ಹುಡುಕಿಕೊಂಡು ಹೋಗುವುದಿಲ್ಲ. ನಾನು ತೆಗೆಸಿಕೊಂಡೆ. ಮುಂದಿನ ಆಪರೇಷನ್‌ನಲ್ಲಿ ನನಗೆ ನೆರವಾಗುವ ತಂತ್ರಜ್ಞ ಗುಳ್ಳೆ ಹಿಚುಕಿ ಸರಿ ಇದೆ ಎಂದ. ನಾನೂ ಹಿಚುಕಿ ಸರಿ ಎಂದೆ. ಆಮೇಲೆ ಮೀಟರ್ ಸಿಕ್ಕಿಸಿದರೆ, ಇಪ್ಪತ್ತರಿಂದ ಮೂವತ್ತರ ನಡುವೆ ನಿಲ್ಲಬೇಕಾದ ಮುಳ್ಳು ಅದನ್ನು ದಾಟಿ ಎಲ್ಲೋ ಹೋಗಿ ನಿಂತಿತು. ಅದಕ್ಕೂ ಮಜಾ ಎಂದರೆ, ನಾವು ಕೊಡುವ ಅರಿವಳಿಕೆ ಅನಿಲಗಳಲ್ಲಿ ಒಂದು ಮೆಲ್ಲಗೆ ಆ ಬಲೂನಿನೊಳಗೇ ನುಸುಳಿ ಅದನ್ನು ಇನ್ನಷ್ಟು ಉಬ್ಬಿಸುತ್ತದೆ. ಪುಸ್ತಕದಲ್ಲಿ ಓದಿದ್ದೆ. ಮುಳ್ಳು ಕಣ್ಣೆದುರೇ ಏರುವುದನ್ನು ನೋಡಿದ್ದು ಆಗಲೇ.

ಅಂದಿನಿಂದ ಪ್ರತಿ ಆಪರೇಷನ್‌ನಲ್ಲೂ ಮೀಟರ್ ಬಂತು. ನಡುನಡುವೆ ಗಾಳಿ ಬಿಟ್ಟು ಸರಿಮಾಡತೊಡಗಿದೆವು. ಬೆಳಗಿನ ಸುತ್ತಿನಲ್ಲಿ ಗಂಟಲು ಮುಟ್ಟಿ ತೋರಿಸುವವರು ಕಡಿಮೆಯಾದರು. ನನಗೆ ಖುಷಿಯೋ ಖುಷಿ, ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಆ ಖುಷಿಯಲ್ಲೇ ಬಾಗಲಗುಂಟೆಯ ಮನೆಗೆ ಫೋನ್ ಮಾಡಿದರೆ ಗಂಡ ಎತ್ತಿಕೊಂಡು, "ಅಂಗೇ ಐತೆ ಮೇಡಂ" ಎಂದರು. ಬಲೂನು ಒತ್ತಿದ್ದರೂ ಆ ಗಾಯ ಮಾಗಲು ಇಷ್ಟು ದಿನ ಧಾರಾಳವಾಗಿ ಸಾಕಿತ್ತು. ನಾನು ಹಿಡಿದದ್ದು ಬೇರೆ ಯಾವುದೋ ಕಳ್ಳನನ್ನು.

ಹೊಸ ಲೈನ್ ಶುರುವಾಗುವ ದಿನ ಹತ್ತಿರ ಬರುತ್ತಿತ್ತು. ಇನ್‌ಚಾರ್ಜ್ ಒಮ್ಮೆ ಮನೆಗೇ ಬಂದು ನೋಡಿ, ಈ ಗಂಟಲಲ್ಲಿ ಹೇಗಮ್ಮ ಎಂದು ಹೇಳಿ ಹೋಗಿದ್ದರಂತೆ. ಆಕೆ ಸಿದ್ಧರಾಗದಿದ್ದರೆ ಇನ್ನೊಬ್ಬರನ್ನು ಹಾಕುತ್ತಾರೆ, ಒಮ್ಮೆ ಹಾಕಿದರೆ ಆ ಜಾಗ ಮತ್ತೆ ಯಾವಾಗ ಖಾಲಿಯಾಗುತ್ತದೋ ಯಾರಿಗೂ ಗೊತ್ತಿಲ್ಲ. ಇದನ್ನು ಹೇಳುವಾಗ ಗಂಡನ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಇನ್ನೊಮ್ಮೆ ಕ್ಯಾಮೆರಾ ಹಾಕಿ ನೋಡೋಣ, ಬನ್ನಿ ಎಂದು ಹೇಳಲು ಮತ್ತೆ ಫೋನ್ ಮಾಡಿದೆ. ಗಂಡ ಫೋನನ್ನು ಮನೆಯಲ್ಲೇ ಚಾರ್ಜಿಗೆ ಬಿಟ್ಟು ಕೆಲಸಕ್ಕೆ ಹೋಗಿದ್ದರು. ಎತ್ತಿದವರು ಆಕೆ. ಮೊದಲು ಬರೀ ಗಾಳಿಯ ಸದ್ದು ಕೇಳಿ ಲೈನ್ ಸರಿಯಿಲ್ಲ ಎಂದುಕೊಂಡೆ. ಆಮೇಲೆ ಆ ಗಾಳಿಯಲ್ಲಿ ಮಾತಿದೆ ಎಂದು ಗೊತ್ತಾಯಿತು. ಒಂದೊಂದು ಪದವನ್ನೂ ಉಸಿರಿನಿಂದ ದಬ್ಬಿ, ಗಂಟಲು ಹಿಂಡಿ, ಫೋನಿನ ಈ ತುದಿಗೆ ಮುಟ್ಟಿಸಲು ಅವರು ಹೆಣಗುತ್ತಿದ್ದರು. ಕೇಳುತ್ತಿದ್ದ ನನ್ನ ಕತ್ತೇ ಬಿಗಿಯಿತು.

"ಮೇಡಂ, ನಾನು ಮಿಷನ್‌ಗೇ ವಾಪಸ್ ಹೋಗ್ತೀನಿ ಅಂತ ಹೇಳ್ಬಿಡ್ಲಾ? ಇದು ಸರಿಹೋಗಲ್ಲ ಅನ್ಸುತ್ತೆ."

ಅದಕ್ಕೆ ಉತ್ತರ ಕೊಡುವ ಬದಲು, ಇಷ್ಟು ದಿನವೂ ಹೀಗೇ ಮಾತಾಡುತ್ತಿದ್ದೀರಾ ಎಂದು ಕೇಳಿದೆ.

"ಹೂಂ ಮೇಡಂ. ಪಿಸುಮಾತಲ್ಲಿ ಮಾತಾಡಿ ಅಂತ ವಾರ್ಡಲ್ಲೇ ಹೇಳಿದ್ರಲ್ಲ. ಒಂದ್ ದಿನಾನೂ ತಪ್ಪಿಲ್ಲ. ಗಟ್ಟಿಯಾಗಿ ಒಂದು ಮಾತೂ ಆಡಿಲ್ಲ."

ಫೋನ್ ಇಟ್ಟ ಮೇಲೆ ಹಿಂದಿನದನ್ನೆಲ್ಲ ನೆನಪಿಸಿಕೊಂಡೆ. ಆಪರೇಷನ್ ಆದ ಮರುದಿನದಿಂದ ನಾವು ಯಾರೂ ಆಕೆಯ ಮಾತು ಕೇಳಿಯೇ ಇರಲಿಲ್ಲ. ಅವರ ಗಂಟಲಿನ ಬಗ್ಗೆ ನಮಗೆಲ್ಲ ಹೇಳಿದ್ದು ಅವರ ಗಂಡನ ಗಂಟಲು. ಪಿಸುಮಾತಿನ ಸಲಹೆಯನ್ನು ನಾವು ಎಷ್ಟೋ ಮಂದಿಗೆ ಕೊಟ್ಟಿದ್ದೇವೆ. ಅವರೆಲ್ಲ ಸಂಜೆ ಹೊತ್ತಿಗೆ ಮರೆತು, ಫೋನಿನಲ್ಲಿ ನೆಂಟರಿಗೆ ಕೂಗಿ ಆಪರೇಷನ್ ಕಥೆ ಹೇಳಿ, ಗುಣವಾಗಿ ಹೋಗಿದ್ದರು. ಈಕೆ ಬೇರೆ. ಹೊಲಿಗೆ ಎಲ್ಲಿ ಬೀಳಬೇಕೆಂದು ಹೇಳಿದ್ದಾರೋ ಅಲ್ಲೇ ಬೀಳಬೇಕು, ಕೂದಲೆಳೆ ಆಚೀಚೆಯಾದರೆ ಚೆಕ್ಕಿಂಗ್‌ನಲ್ಲಿ ತುಂಡು ವಾಪಸ್ ಬರುತ್ತದೆ ಎಂಬಂಥ ಕೆಲಸದಲ್ಲಿ ಪಳಗಿದವರು. ನಮ್ಮ ಸಲಹೆಯನ್ನು ಅಕ್ಷರಶಃ ಪಾಲಿಸಿದ ರೋಗಿ ಬಹುಶಃ ಇವರೊಬ್ಬರೇ.

ಇಷ್ಟಾದರೂ ನನ್ನದು ಬರೀ ಊಹೆ. ಪಿಸುಮಾತಿನಿಂದ ಗಂಟಲು ನೋಯುತ್ತದೆಯೇ? ಇ.ಎನ್.ಟಿ. ವೈದ್ಯರು ಬರಲು ಇನ್ನೂ ಎರಡು ದಿನವಿತ್ತು. ಅಲ್ಲಿಯವರೆಗೆ ಕಾಯುವ ತಾಳ್ಮೆ ನನಗಿಲ್ಲ. ಮರುದಿನ ನನಗೆ ಆಪರೇಷನ್‌ಗಳಿರಲಿಲ್ಲ, ತಪಾಸಣೆ ಕೋಣೆಯ ಸರದಿ. ಬೆಳಿಗ್ಗೆಯಿಂದ ಪಿಸುಮಾತಿನಲ್ಲೇ ಕೆಲಸ ಮಾಡುವುದೆಂದು ನಿಶ್ಚಯಿಸಿ ಕೂತೆ.

ಮೊದಲ ರೋಗಿ ನನ್ನ ಪ್ರಶ್ನೆ ಕೇಳಿ ಹಿಂದೆ ಮುಂದೆ ನೋಡಿ, ತಾವೂ ಪಿಸುಗುಟ್ಟಿ ಉತ್ತರಿಸಿದರು. ತಮಗೆ ಯಾವುದೋ ದೊಡ್ಡ ಕಾಯಿಲೆ, ಡಾಕ್ಟರು ಮುಚ್ಚಿಡುತ್ತಿದ್ದಾರೆ ಎಂದೇ ಅವರ ಭಾವನೆ. ಹೆದರಬೇಡಿ, ಬರೀ ಹರ್ನಿಯಾ ಎಂದು ಪಿಸುಗುಟ್ಟಿದೆ, ಇನ್ನಷ್ಟು ಹೆದರಿದರು. ನರ್ಸ್ ಬಂದು ಪಿಸುಮಾತಲ್ಲಿ ಸರಿಯಾಗಿದ್ದೀರಾ ಮೇಡಂ ಎಂದು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಕಾರಿಡಾರು ಪಿಸುಗುಡುತ್ತಿತ್ತು. ತುಮಕೂರು ರಸ್ತೆಯ ಹಾರ್ನುಗಳ ನಡುವೆ ಎದುರಿನವರಿಗೆ ಕೇಳಿಸಬೇಕಾದರೆ ಪಿಸುಮಾತನ್ನೂ ಕೂಗಿ ಆಡಬೇಕು, ಅದಕ್ಕೆ ಗಂಟಲನ್ನು ಹಿಂಡಬೇಕು. ಅದು ನನ್ನ ಕತ್ತಿಗೆ ಆಗ ಅರ್ಥವಾಯಿತು. ಸಂಜೆ ಮನೆಗೆ ಹೋಗಿ ಕಾಫಿ ಮಾಡಲಾ ಎಂದು ಕೇಳಿದರೆ ನನ್ನ ಗಂಡ ಟಿವಿ ಆರಿಸಿ, ಯಾರು ಮಲಗಿದ್ದಾರೆ ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ನನ್ನ ಕತ್ತಿನ ಎರಡೂ ಕಡೆ ಹಿಡಿದುಕೊಂಡಿತ್ತು, ಗಂಟಲು ಉರಿಯುತ್ತಿತ್ತು, ದನಿ ತೆಗೆದರೆ ಒಡೆದಿತ್ತು. ನನಗೆ ಯಾರೂ ಕೊಳವೆ ಹಾಕಿರಲಿಲ್ಲ.

ಇ.ಎನ್.ಟಿ. ವೈದ್ಯರಿಗೆ ಇದನ್ನೆಲ್ಲ ಹೇಳಿದಾಗ ಅವರು ಹಣೆ ಹಿಡಿದುಕೊಂಡರು. ತಾನು ಮಾತು ಕಡಿಮೆ ಮಾಡಿ ಎಂದಿದ್ದೆನೇ ಹೊರತು ಪಿಸುಗುಟ್ಟಿ ಎಂದಿರಲಿಲ್ಲ, ದನಿ ಕೆಟ್ಟಾಗ ಪಿಸುಮಾತು ಬೇಡ ಎಂದು ತನ್ನ ರೋಗಿಗಳಿಗೆಲ್ಲ ಹೇಳುತ್ತೇನೆ ಎಂದರು. ಆಕೆಗೆ ಯಾಕೆ ಹೇಳಲಿಲ್ಲ ಎಂದರೆ, ಆಕೆ ಪಿಸುಗುಡುವುದನ್ನು ಅವರೂ ಕೇಳಿರಲಿಲ್ಲ. ಹಿಂದಿನ ಕ್ಯಾಮೆರಾದ ದೃಶ್ಯ ಕಂಪ್ಯೂಟರ್‌ನಲ್ಲಿತ್ತು. ಮತ್ತೆ ಹಾಕಿ ನೋಡಿದೆವು. "ಈ" ಎಂದಾಗ ತಂತುಗಳು ಚೆನ್ನಾಗಿಯೇ ಕೂಡಿದವು. ನಾವು ಅಲ್ಲಿಗೇ ನೋಡುವುದನ್ನು ನಿಲ್ಲಿಸಿದ್ದೆವು. ಅದಾದ ಮೇಲೆ, ಕ್ಯಾಮೆರಾ ಹೊರಗೆ ಬರುವ ಮುಂಚೆ, ಆಕೆ ಏನೋ ಹೇಳಲು ಹೊರಟಂತಿತ್ತು. ಆ ಕ್ಷಣ ತಂತುಗಳ ಮೇಲಿನ ಮೆತ್ತನೆಯ ಭಾಗ ಎರಡೂ ಕಡೆಯಿಂದ ಬಂದು ಚೀಲದ ಬಾಯಿಯ ದಾರ ಎಳೆದ ಹಾಗೆ ಬಿಗಿದುಕೊಂಡಿತು. ಕೊಳವೆ ಮಾಡಿದ ಗಾಯವನ್ನೇ ಹುಡುಕುತ್ತಿದ್ದ ನಮ್ಮಿಬ್ಬರಿಗೂ ಅದು ಕಣ್ಣೆದುರಿದ್ದೂ ಕಂಡಿರಲಿಲ್ಲ. ಪಿಸುಗುಟ್ಟಿದವರಿಗೆಲ್ಲ ಹೀಗೆ ಆಗುತ್ತದೆ ಎಂದಲ್ಲ, ಕೆಲವರು ಹೀಗೆ ಹಿಂಡುತ್ತಾರೆ ಎಂದು ಅವರು ವಿವರಿಸಿದರು.

ಮಾಡಬೇಕಾದದ್ದು ಸುಲಭವಿತ್ತು, ಹೇಳುವುದು ಕಷ್ಟವಿತ್ತು. ಇಷ್ಟು ದಿನ ಬಾಯಿ ಮುಚ್ಚಿ ಎಂದ ನಾವೇ ಈಗ ಮಾತಾಡಿ ಎನ್ನಬೇಕು. ಲೈನ್ ಶುರುವಾಗುವ ಹೊತ್ತಿನಲ್ಲಿ ತಪ್ಪಾದರೆ? ಇನ್ನೊಂದು ವಾರ ಪೂರ್ತಿ ಮೌನವಾಗಿರಿಸಿ ನೋಡೋಣವೇ ಎಂದು ನಾನು ಹಿಂಜರಿದೆ. ಅವರು ಒಪ್ಪಲಿಲ್ಲ, ಅಭ್ಯಾಸ ಇನ್ನಷ್ಟು ಗಟ್ಟಿಯಾಗುತ್ತದೆ ಎಂದರು. ಕೊಟ್ಟ ಸಲಹೆ ನಮ್ಮ ವಾರ್ಡಿನದು, ಅದನ್ನು ಹಿಂದಕ್ಕೆ ಪಡೆಯುವ ಮಾತನ್ನು ನಾನೇ ಆಡುತ್ತೇನೆ ಎಂದು ತೀರ್ಮಾನಿಸಿದೆ.

ದಂಪತಿ ಬಂದರು. ನಾವು ಹೇಳಿದ್ದು ತಪ್ಪು, ನೀವು ಪಾಲಿಸಿದ್ದು ಸರಿಯಾಗಿಯೇ ಇತ್ತು ಎಂದು ಆಕೆಗೆ ನೇರವಾಗಿ ಹೇಳಿದೆ. ಪಿಸುಗುಡುವುದನ್ನು ಇವತ್ತಿಗೇ ಬಿಡಿ, ನಿಮ್ಮ ಮಾಮೂಲಿ ದನಿಯಲ್ಲಿ ಮೆಲ್ಲಗೆ ಮಾತಾಡಿ ಎಂದೆ. ಆಕೆ ಗಂಟಲಿನ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದರು. ಬಾಯಿ ತೆರೆದರೆ ಇದ್ದದ್ದೂ ಹೋದೀತು ಎಂಬ ಭಯ ಅವರ ಕಣ್ಣಲ್ಲಿ ಕಾಣುತ್ತಿತ್ತು. ನನಗೂ ಭಯವಿತ್ತು, ತೋರಿಸಿಕೊಳ್ಳಲಿಲ್ಲ.

ಇ.ಎನ್.ಟಿ. ವೈದ್ಯರು ಮಾತು ಬೇಡ ಬಿಡಿ ಎಂದು ಬೇರೆ ದಾರಿ ಹಿಡಿದರು. ಯಾರಾದರೂ ಕಥೆ ಹೇಳುವಾಗ ನಾವು ಬಾಯಿ ಮುಚ್ಚಿಯೇ ಹೂಂಗುಡುತ್ತೇವಲ್ಲ, ಅಷ್ಟೇ ಮಾಡಿ, ಹಿಂಡಿಕೊಂಡ ಗಂಟಲಿನಿಂದ ಆ ಸದ್ದು ಹೊರಡುವುದಿಲ್ಲ, ಅದು ತಾನಾಗಿ ಸಡಿಲವಾಗುತ್ತದೆ ಎಂದರು. ಗಂಡನ ಕಡೆ ತಿರುಗಿ, ನೀವು ಏನಾದರೂ ಹೇಳುತ್ತಾ ಹೋಗಿ ಎಂದರು. ಇಷ್ಟು ದಿನ ಹೆಂಡತಿಯ ಪರವಾಗಿ ಧಾರಾಳವಾಗಿ ಮಾತಾಡಿದ ಮನುಷ್ಯ ಈಗ ತಡವರಿಸಿದರು. ಕೊನೆಗೆ ಬೆಳಿಗ್ಗೆ ತಾವು ಮಾಡಿದ ಉಪ್ಪಿಟ್ಟಿನ ವಿಷಯ ಹೇಳತೊಡಗಿದರು. ಆಕೆಯ ಮೊದಲ ಹೂಂ ಗಾಳಿಯಾಗಿ ಹೋಯಿತು. ಎರಡನೆಯದು ಗೊರಗೊರ ಎಂದಿತು. ಆಮೇಲೆ ಎಲ್ಲೋ ಒಂದು ಹೂಂ ಸಣ್ಣಗೆ, ಸರಿಯಾಗಿ ಬಂತು. ಇನ್ನೊಂದು ಬಂತು. ಗಂಡ ಕಥೆ ನಿಲ್ಲಿಸಿ ನಮ್ಮ ಕಡೆ ನೋಡಿದರು.

"ಮದ್ವೆ ಆದಾಗಿಂದ ಇದೇ ಪಸ್ಟು ಮೇಡಂ, ನಾನ್ ಏಳಿದ್ದಕ್ಕೆಲ್ಲ ಹೂಂ ಅಂತಾವ್ಳೆ."

ಆಕೆ ನಕ್ಕುಬಿಟ್ಟರು. ಉಸಿರಿನ ನಗುವಲ್ಲ. ಹೊರಗೆ ಸರದಿಯಲ್ಲಿ ಕೂತವರು ತಿರುಗಿ ನೋಡುವಂಥ ನಗು. ತಪಾಸಣೆಯ ದಿನ ಕೇಳಿದ್ದ ಅದೇ ದನಿ. ನಕ್ಕವರು ತಮ್ಮ ಸದ್ದಿಗೆ ತಾವೇ ಬೆಚ್ಚಿ ಬಾಯಿ ಮುಚ್ಚಿಕೊಂಡರು, ಆಮೇಲೆ ಅಳತೊಡಗಿದರು. ಅಳುವೂ ಗಟ್ಟಿಯಾಗಿಯೇ ಇತ್ತು. ನನಗೂ ಕಣ್ಣು ತುಂಬಿತು. ಇ.ಎನ್.ಟಿ. ವೈದ್ಯರು ಕನ್ನಡಕ ಒರೆಸುವ ನೆಪ ಮಾಡಿ, ದನಿ ಎಲ್ಲೂ ಹೋಗಿಲ್ಲಮ್ಮ, ಒಳಗೇ ಇದೆ ಎಂದರು.

ಅಂದೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಮನೆಯಲ್ಲಿ ಹೂಂಗುಟ್ಟುವ ಅಭ್ಯಾಸ ನಡೆಯಿತು, ಹೂಂನಿಂದ ಮನೆ, ಮಳೆ, ಮಿಷನ್ ಎಂಬ ಪದಗಳಿಗೆ, ಅಲ್ಲಿಂದ ಸಾಲು ಮಾತಿಗೆ ದನಿ ಹಬ್ಬಿತು. ನಡುವೆ ಎರಡು ದಿನ ಮತ್ತೆ ಒಡೆಯಿತು, ಮತ್ತೆ ಬಂತು. ಕತ್ತಿನ ಬಿಗಿ ಬಿಟ್ಟಿತು, ನೋವು ಅದರ ಹಿಂದೆಯೇ ಹೋಯಿತು. ಇತ್ತ ನಮ್ಮ ವಾರ್ಡಿನ ಪಾಠ ಬದಲಾಯಿತು. ಈಗ ಮಾಮೂಲಿ ದನಿಯಲ್ಲಿ ಮೆಲ್ಲಗೆ ಮಾತಾಡಿ ಎನ್ನುತ್ತೇವೆ. ಜೊತೆಗೆ ಬಂದವರು ಎಷ್ಟೇ ಚೆನ್ನಾಗಿ ಉತ್ತರಿಸಲಿ, ರೋಗಿಯ ಬಾಯಿಂದ ಒಂದು ಮಾತು ಕೇಳದೆ ನಾನು ಮುಂದಿನ ಮಂಚಕ್ಕೆ ಹೋಗುವುದಿಲ್ಲ.

ಲೈನ್ ಶುರುವಾಗುವ ಹಿಂದಿನ ವಾರ ಆಕೆ ಇನ್‌ಚಾರ್ಜ್ ಮುಂದೆ ಹೋಗಿ ನಿಂತು ಮಾತಾಡಿ ಬಂದರೆಂದು ಗಂಡ ಹೇಳಿದ್ದರು. ಏನಾಯಿತೆಂದು ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಅವರ ಕಡೆಯಿಂದ ಸುದ್ದಿಯಿಲ್ಲ. ನಾನೇ ಫೋನ್ ಮಾಡಲು ಧೈರ್ಯವಾಗಲಿಲ್ಲ.

ಒಂದು ಮಧ್ಯಾಹ್ನ ಎರಡು ಆಪರೇಷನ್‌ಗಳ ನಡುವೆ ಫೋನ್ ಬಂತು. ಹಿಂದೆ ಮಿಷನ್‌ಗಳ ಸದ್ದು. ಆಕೆಯೇ.

"ಫ್ಲೋರಿಂದಾನೇ ಮಾಡ್ತಿದೀನಿ ಮೇಡಂ. ಸೂಪರ್‌ವೈಸರ್‌ಗಳಿಗೆ ಮಾತ್ರ ಒಳಗೆ ಫೋನ್ ಇಟ್ಕೊಳ್ಳಕ್ಕೆ ಬಿಡ್ತಾರೆ."

ನಾನು ಏನಾದರೂ ಹೇಳುವ ಮುಂಚೆ ಅವರು ಫೋನನ್ನು ಕಿವಿಯಿಂದ ಸರಿಸಿದರು.

"ಏ, ಕಾಲರ್ ಉಲ್ಟಾ ಇಟ್ಟಿದ್ಯಲ್ಲೇ, ನಿಲ್ಸು ಮಿಷನ್ನು!"

ಅಷ್ಟು ಮಿಷನ್‌ಗಳ ಸದ್ದಿನ ಮೇಲೆ ಆ ದನಿ ಹಾದುಹೋಯಿತು. ಎಲ್ಲೋ ದೂರದ ಮಿಷನ್ ಒಂದು ನಿಂತದ್ದು ನನಗೆ ಇಲ್ಲಿಗೇ ಕೇಳಿಸಿದಂತಾಯಿತು. ಫೋನ್ ಮತ್ತೆ ಕಿವಿಗೆ ಬಂತು. ಸಾರಿ ಮೇಡಂ, ನಿಮ್ಗಲ್ಲ ಅಂದಿದ್ದು ಎಂದರು. ಹೀಗೆ ಕೂಗಬೇಡಿ, ಹತ್ತಿರ ಹೋಗಿ ಹೇಳಿ ಎಂದು ನಾನು ವೈದ್ಯೆಯಾಗಿ ಗದರಬೇಕಿತ್ತು. ಗದರಲಿಲ್ಲ. ಇನ್ನೊಂದು ಸಲ ಯಾರಿಗಾದರೂ ಬೈಯಲಿ ಎಂದು ಫೋನ್ ಹಿಡಿದು ನಿಂತೇ ಇದ್ದೆ.